ಅಪ್ಪನ ರಾಗಿ ಮಿಲ್ಲು, ನನ್ನ ಬಿ.ಕಾಂ. ಮೊದಲ ವಾರ

ಮೊನ್ನೆ ತುಂಬಿದ ತರಗತಿಯಲ್ಲಿ ನನ್ನ ಬಾಯಿಂದ ‘ಲಾಭ’ ಬಂದುಬಿಟ್ಟಿತು. ಬಿ.ಕಾಂ.ಗೆ ಹೊಸದಾಗಿ ಸೇರಿದ ಮಕ್ಕಳ ಮೊದಲ ದಿನ ಅದು. ಶಿಡ್ಲಘಟ್ಟದ ನಮ್ಮ ಕಾಲೇಜಿನಲ್ಲಿ, ಈ ಓದು ಎಂಥದ್ದು, ಮೂರು ವರ್ಷ ಏನೇನು ಕಲಿಯಬೇಕು ಎಂದು ಹೊಸಬರಿಗೆ ಪರಿಚಯ ಮಾಡಿಕೊಡುವ ಕೆಲಸವನ್ನು ಎಷ್ಟೋ ವರ್ಷಗಳಿಂದ ನನ್ನ ತಲೆಗೇ ಕಟ್ಟಿದ್ದಾರೆ. ನನಗೆ ಮಾತು ಜಾಸ್ತಿ ಎಂಬುದೊಂದೇ ಅದಕ್ಕೆ ಅರ್ಹತೆ. ಈ ಸಲ ನಮ್ಮ ವಿಭಾಗಕ್ಕೆ ಹೊಸದಾಗಿ ಬಂದ ಹುಡುಗ ಮೇಷ್ಟ್ರು ಬಾಣ, ಚೌಕ, ಬಣ್ಣ ಎಲ್ಲ ಹಾಕಿ ಪರದೆಯ ಮೇಲೆ ತೋರಿಸುವ ಪಾಠವೊಂದನ್ನು ತಯಾರಿಸಿ ಕೊಟ್ಟಿದ್ದರು. ಎರಡನೇ ಬಾಣ ಹಾರುವಷ್ಟರಲ್ಲಿ ಕರೆಂಟು ಹೋಯಿತು.

ಸರಿ, ಸುಮ್ಮನೆ ನಿಲ್ಲುವುದೇಕೆ ಎಂದು ಮಕ್ಕಳು ತುಂಬಿ ಕೊಟ್ಟಿದ್ದ ಫಾರಂಗಳನ್ನು ಎಣಿಸತೊಡಗಿದೆ. ‘ಲಾಭ, ಎರಡು, ಮೂರು, ನಾಲ್ಕು...’ ಐದಕ್ಕೆ ಬರುವ ಹೊತ್ತಿಗೆ ತರಗತಿ ನಿಶ್ಶಬ್ದವಾಗಿತ್ತು. ತಲೆಯೆತ್ತಿ ನೋಡಿದರೆ ಎಲ್ಲರ ಮುಖದಲ್ಲೂ ತಡೆದುಕೊಂಡ ನಗು. ಮುಂದಿನ ಬೆಂಚಿನ ಹುಡುಗನೊಬ್ಬ ತಡೆಯಲಾರದೆ ಪುಸಕ್ಕೆಂದ. ಆಮೇಲೆ ಕೇಳಬೇಕೆ!

ನೀವು ನಮ್ಮ ಕಡೆಯವರಾದರೆ, ಅದರಲ್ಲೂ ಸ್ವಲ್ಪ ವಯಸ್ಸಾದವರಾದರೆ, ನಗುವುದಿಲ್ಲ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಯಾರೂ ‘ಒಂದು’ ಅನ್ನುತ್ತಿರಲಿಲ್ಲ. ‘ಲಾಭ’ ಅನ್ನುವುದು. ಆಮೇಲೆ ಎರಡು, ಮೂರು. ಅಳತೆ ಒಳ್ಳೆಯ ಮಾತಿನಿಂದ ಶುರುವಾಗಲಿ, ಮನೆ ತುಂಬಲಿ ಎಂದು. ನಮ್ಮಪ್ಪ ಮಂಚೇನಹಳ್ಳಿಯಲ್ಲಿ ರಾಗಿ ಮಿಲ್ಲು ಇಟ್ಟುಕೊಂಡಿದ್ದರು. ಸುಗ್ಗಿಯಲ್ಲಿ ರಾಗಿ ಕೊಂಡು ಹಿಟ್ಟು ಮಾಡಿ ಮಾರುವುದೂ ಇತ್ತು. ನಮ್ಮ ಮನೆಯಲ್ಲಿ ತೆಲುಗೂ ಕನ್ನಡವೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವು. ಅಪ್ಪ ‘ಲಾಭಂ, ರೆಂಡು, ಮೂಡು’ ಎಂದು ರಾಗ ಎಳೆದು ಅಳೆಯುತ್ತಿದ್ದರೆ ಪಕ್ಕದಲ್ಲಿ ಚೀಲದ ಬಾಯಿ ಹಿಡಿದು ನಿಲ್ಲುವುದು ನನ್ನ ಕೆಲಸ. ಹಾಗೆ ಎಣಿಸುವುದನ್ನು ಕಲಿತವಳು ನಾನು. ಈಗಲೂ ಇಡ್ಲಿ ಬಡಿಸುವಾಗ ಮೊದಲ ಇಡ್ಲಿಗೆ ಬಾಯಿ ತಾನಾಗಿ ಲಾಭ ಅನ್ನುತ್ತದೆ. ‘ನಿಮ್ಮ ಮೇಡಮ್ಮೋರಿಗೆ ಒಂದು ಅನ್ನೋ ಸಂಖ್ಯೇನೇ ಗೊತ್ತಿಲ್ಲ’ ಎಂದು ನಮ್ಮ ಮನೆಯವರು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾರೆ.

ಮಕ್ಕಳು ನಕ್ಕಿದ್ದಕ್ಕೆ ನನಗೇನೂ ಬೇಜಾರಾಗಲಿಲ್ಲ. ಕರೆಂಟು ಬರುವ ಸೂಚನೆಯಂತೂ ಇರಲಿಲ್ಲ. ‘ನಗ್ರಪ್ಪಾ, ನಗಿ. ಇದೇ ಲಾಭದಿಂದ ನಾನು ಬಿ.ಕಾಂ. ಬಿಟ್ಟು ಓಡಿಹೋಗಿದ್ದೆ, ಗೊತ್ತಾ?’ ಎಂದು ಮೇಜಿಗೆ ಒರಗಿ ನಿಂತೆ. ಈ ಕಥೆಯನ್ನು ಪ್ರತಿ ವರ್ಷ ಹೊಸಬರಿಗೆ ಹೇಳುತ್ತೇನೆ. ನಿಮಗೂ ಹೇಳಿಬಿಡುತ್ತೇನೆ.

ನಾನು ಪಿ.ಯು.ಸಿ.ಯಲ್ಲಿ ಓದಿದ್ದು ಕಲಾ ವಿಭಾಗ, ಅದೂ ಕನ್ನಡ ಮಾಧ್ಯಮ. ಚರಿತ್ರೆಯ ಯುದ್ಧಗಳನ್ನೆಲ್ಲ ಗಟ್ಟಿ ಮಾಡಿ ಚೆನ್ನಾಗಿಯೇ ಪಾಸಾಗಿದ್ದೆ. ಬಿ.ಕಾಂ. ಮಾಡಿದರೆ ಬ್ಯಾಂಕಿನಲ್ಲಿ ಫ್ಯಾನಿನ ಕೆಳಗೆ ಕೂರಬಹುದು ಎಂದು ಯಾರೋ ಅಪ್ಪನ ಕಿವಿಗೆ ಹಾಕಿದರು. ಮಿಲ್ಲಿನ ಧೂಳಿನಲ್ಲಿ ಕೆಮ್ಮಿ ಕೆಮ್ಮಿ ಬೇಸತ್ತಿದ್ದ ಅಪ್ಪನಿಗೆ ಆ ಫ್ಯಾನು ಬಹಳ ಹಿಡಿಸಿತು. ನಮ್ಮ ನೆಂಟರಲ್ಲಿ ಹೆಣ್ಣುಮಕ್ಕಳು ಡಿಗ್ರಿಗೆ ಹೋದದ್ದೇ ಇರಲಿಲ್ಲ. ‘ಯಾಕಪ್ಪ ಸುಮ್ನೆ, ಒಂದು ಒಳ್ಳೆ ಸಂಬಂಧ ಬಂದಿದೆ’ ಎಂದ ದೊಡ್ಡಪ್ಪನಿಗೆ ಅಪ್ಪ, ‘ಒಂದು ತಿಂಗಳು ಹೋಗಿ ನೋಡ್ಲಣ್ಣ. ಅವಳ ಕೈಲಿ ಆಗ್ಲಿಲ್ಲ ಅಂದ್ರೆ ನೀನು ಹೇಳ್ದಂಗೆ’ ಎಂದು ಮಾತು ಕೊಟ್ಟು ಚಿಕ್ಕಬಳ್ಳಾಪುರದ ಕಾಲೇಜಿಗೆ ಸೇರಿಸಿದರು. ಅಂದರೆ ನಾನು ಬಿ.ಕಾಂ. ಬಿಟ್ಟರೆ ಓದು ಅಲ್ಲಿಗೆ ಮುಗಿಯಿತು, ಮದುವೆಯ ಚಪ್ಪರ ಎದ್ದಿತು. ಇದು ನನಗೂ ಗೊತ್ತಿತ್ತು.

ಮೊದಲ ದಿನ ಅಕೌಂಟೆನ್ಸಿ ಮೇಷ್ಟ್ರು ಬಂದರು. ಇಸ್ತ್ರಿ ಮಾಡಿದ ಬಿಳಿ ಷರಟು, ಜೇಬಿನಲ್ಲಿ ಒಂದು ಕೆಂಪು ಪೆನ್ನು, ಒಂದು ನೀಲಿ. ಅರ್ಧ ಗಂಟೆ ಇಂಗ್ಲಿಷಿನಲ್ಲಿ ಬಿ.ಕಾಂ. ಎಂದರೇನು ಎಂದು ಪರಿಚಯ ಮಾಡಿಕೊಟ್ಟರು. ನನಗೆ ಹಿಡಿಸಿದ್ದು ಕೊನೆಯಲ್ಲಿ ಅವರು ಕನ್ನಡದಲ್ಲಿ ಹೇಳಿದ ಒಂದೇ ಮಾತು: ‘ಬರೋದು ಎಡಗಡೆ, ಹೋಗೋದು ಬಲಗಡೆ. ಇಷ್ಟು ಜ್ಞಾಪಕ ಇಟ್ಕೊಂಡು ಮನೆಗೆ ಹೋಗಿ.’ ಆಮೇಲೆ ಪಠ್ಯದ ಹಾಳೆಗಳ ಕಟ್ಟೊಂದನ್ನು ಮುಂದಿನ ಬೆಂಚಿನಲ್ಲಿದ್ದ ನನ್ನ ಕೈಗೆ ಕೊಟ್ಟು, ‘ಎಷ್ಟಿದೆ ಎಣಿಸಮ್ಮ, ಜೋರಾಗಿ’ ಎಂದರು. ನಾನು ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು, ಜೋರಾಗಿಯೇ ಎಣಿಸಿದೆ. ‘ಲಾಭ, ಎರಡು, ಮೂರು...’

ಅಯ್ಯೋ, ಆ ನಗು! ‘ಸಾರ್, ಮೊದಲ್ನೇ ದಿನಾನೇ ಲಾಭ ಬಂತು, ಅಂಗಡಿ ಮುಚ್ಚೋಣ ಬಿಡಿ’ ಎಂದು ಹಿಂದಿನಿಂದ ಒಬ್ಬ ಕೂಗಿದ. ಮೇಷ್ಟ್ರು ನಗಲಿಲ್ಲ, ಗದರಲೂ ಇಲ್ಲ. ಹಾಳೆಗಳನ್ನು ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿಬಿಟ್ಟರು. ಇಂಥ ಗುಗ್ಗುವನ್ನು ಯಾರು ಸೇರಿಸಿಕೊಂಡರೋ ಎಂದು ಅವರು ಅಂದುಕೊಂಡಿರಬೇಕು ಅನ್ನಿಸಿತು ನನಗೆ. ಸಂಜೆ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ನನ್ನ ಹೆಸರೇ ಲಾಭ ಆಗಿಹೋಗಿತ್ತು. ‘ಲಾಭ, ಸೀಟು ಬೇಕಾ?’ ‘ಲಾಭ, ಟಿಕೆಟ್ ತಗೊಂಡ್ಯಾ?’ ನಾನು ಕಿಟಕಿಯ ಕಡೆ ಮುಖ ಮಾಡಿ, ಇನ್ನು ಸತ್ತರೂ ಆ ಕಾಲೇಜಿಗೆ ಕಾಲಿಡುವುದಿಲ್ಲ ಎಂದು ತೀರ್ಮಾನ ಮಾಡಿದೆ.

ಮನೆಯಲ್ಲಿ ಅಪ್ಪ ಮಿಲ್ಲು ನಿಲ್ಲಿಸಿ, ಹುಬ್ಬಿನ ಮೇಲಿನ ಹಿಟ್ಟು ಕೂಡ ಒರೆಸಿಕೊಳ್ಳದೆ ಕಾದು ಕೂತಿದ್ದರು. ‘ಇವತ್ತೇನಮ್ಮ ಹೇಳ್ಕೊಟ್ರು?’ ಎಂದರು. ‘ಬರೋದು ಎಡಗಡೆ, ಹೋಗೋದು ಬಲಗಡೆ’ ಎಂದೆ. ‘ಅಬ್ಬಾ! ಎಂಥ ಮಾತು ನೋಡೇ’ ಎಂದು ಅಮ್ಮನಿಗೆ ಇನ್ನೊಂದು ಸಲ ಒಪ್ಪಿಸಿದರು. ಆ ಮುಖ ನೋಡಿ, ನಾಳೆಯಿಂದ ಹೋಗಲ್ಲ ಎನ್ನುವ ಮಾತನ್ನು ನಾಳೆಗೇ ಮುಂದೂಡಿದೆ.

ಮಾರನೇ ದಿನ ಡಬ್ಬಿ ಕಟ್ಟಿಸಿಕೊಂಡು ಹೊರಟೆ. ಚಿಕ್ಕಬಳ್ಳಾಪುರದ ಬಸ್ಸು ಮುಂದೆಯೇ ನಿಂತಿತ್ತು. ನಾನು ಅದರ ಹಿಂಭಾಗದಿಂದ ಸುತ್ತಿಕೊಂಡು ಹೋಗಿ ಗೌರಿಬಿದನೂರಿನ ಬಸ್ಸು ಹತ್ತಿದೆ. ಅಲ್ಲಿಂದ ವಿದುರಾಶ್ವತ್ಥ. ಹುಡುಗಿಯೊಬ್ಬಳು ಇಡೀ ದಿನ ಕೂತರೂ ಯಾರೂ ಏಕೆಂದು ಕೇಳದ ಜಾಗ ಅಂದರೆ ನನಗೆ ಹೊಳೆದದ್ದು ಆ ದೇವಸ್ಥಾನವೊಂದೇ. ನಾಗರಕಲ್ಲುಗಳ ನಡುವೆ ಕಟ್ಟೆಗೆ ಒರಗಿಕೊಂಡು ಕೂತೆ, ಡಬ್ಬಿಯ ಚಿತ್ರಾನ್ನ ತಿಂದೆ, ಕೋತಿಗೂ ಕೊಟ್ಟೆ, ಸಂಜೆಗೆ ವಾಪಸು ಬಂದೆ. ಸ್ವಾತಂತ್ರ್ಯ ಚಳವಳಿಯಲ್ಲಿ ಬಂದೂಕಿನ ಮುಂದೆ ಎದೆಗೊಟ್ಟು ನಿಂತ ಜನರ ಊರು ಅದು. ಅಂಥ ಊರಿನಲ್ಲಿ ನಾನು, ನಾಲ್ಕು ಹುಡುಗರ ನಗುವಿಗೆ ಹೆದರಿ ಬಚ್ಚಿಟ್ಟುಕೊಂಡು ಕೂತಿದ್ದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಹೀಗೆ ಒಂದಲ್ಲ, ಎರಡಲ್ಲ, ಮೂರು ದಿನ. ಮೂರನೇ ದಿನ ಕಂಡಕ್ಟರು, ‘ಏನಮ್ಮಾ, ಪುಸ್ತಕ ಹಿಡ್ಕೊಂಡು ದಿನಾ ಬರ್ತೀಯಲ್ಲ, ಇಲ್ಲೇನಾದ್ರೂ ಕಾಲೇಜು ಓಪನ್ ಮಾಡವ್ರಾ?’ ಎಂದರು. ‘ಹರಕೆ ಇದೆ’ ಎಂದೆ. ‘ಪರೀಕ್ಷೆ ಬರೆದ್ಮೇಲೆ ಹರಕೆ ಕಟ್ಕೋತಾರೆ. ನೀನೇನಮ್ಮ ಈಗ್ಲೇ’ ಎಂದು ಟಿಕೆಟ್ಟು ಹರಿದು ಕೊಟ್ಟರು.

ಹಗಲು ಕಳೆಯುವುದು ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಸಂಜೆಯ ಪರೀಕ್ಷೆ. ಅಪ್ಪ ಬಿಡುತ್ತಿರಲಿಲ್ಲ. ‘ಇವತ್ತೇನಮ್ಮ ಹೇಳ್ಕೊಟ್ರು?’ ನಾನಾದರೂ ಏನು ಹೇಳಲಿ? ಕಟ್ಟೆಯ ಮೇಲೆ ಕೂತು ನಾನೇ ಪಾಠ ಹೆಣೆಯಬೇಕಾಯಿತು. ಮೊದಲ ಸಂಜೆ, ‘ಯಾವುದನ್ನೂ ಜ್ಞಾಪಕದಲ್ಲಿ ಇಟ್ಕೋಬಾರ್ದಂತೆ, ಆಗಿಂದಾಗ್ಲೇ ಬರೀಬೇಕಂತೆ’ ಎಂದೆ. ಎರಡನೇ ಸಂಜೆ ಸರಕು ಮುಗಿದು, ಕೊಂಡಿದ್ದ ಹೊಸ ಪುಸ್ತಕದಲ್ಲಿ ಎರಡೂ ಕಡೆ ಕೆಳಗೆ ಒಂದೇ ಮೊತ್ತ ಇರುವುದನ್ನು ನೋಡಿದ್ದು ನೆನಪಾಗಿ, ‘ಸಾಯಂಕಾಲ ಕೂಡಿದ್ರೆ ಎಡಗಡೇದೂ ಬಲಗಡೇದೂ ಸಮ ಬರ್ಬೇಕಂತೆ. ಬರ್ಲಿಲ್ಲ ಅಂದ್ರೆ ಎಲ್ಲೋ ತಪ್ಪಾಗಿದೆ ಅಂತ ಅರ್ಥವಂತೆ’ ಎಂದು ಬಿಟ್ಟೆ.

ಮೂರನೇ ಸಂಜೆ ಬಂದು ನೋಡುತ್ತೇನೆ, ಮಿಲ್ಲಿನ ಎರಡು ಬಾಗಿಲ ಹಲಗೆಯ ಮೇಲೂ ಸೀಮೆಸುಣ್ಣದ ಬರಹ! ಎಡಬಾಗಿಲ ಮೇಲೆ ಬಂದ ರಾಗಿ, ಬಲಬಾಗಿಲ ಮೇಲೆ ಹೋದ ಹಿಟ್ಟು. ಯಾರದು, ಎಷ್ಟು ತೂಕ, ಎಲ್ಲ. ಬೀಸಿಸಿಕೊಳ್ಳಲು ಬಂದ ಹೆಂಗಸರು ಚೀಲ ಇಳಿಸಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾರೆ. ಅಪ್ಪ ಅವರಿಗೆಲ್ಲ, ‘ನಮ್ಮ ಹುಡುಗಿ ಕಾಲೇಜಿಂದ ಕಲ್ತುಕೊಂಡು ಬಂದಿದ್ದು ಕಣಮ್ಮ. ಇನ್ಮೇಲೆ ನಮ್ಮ ಮಿಲ್ಲಲ್ಲಿ ಹಿಂಗೇನೆ’ ಎನ್ನುತ್ತಿದ್ದರು. ನನಗೆ ನಿಂತ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು.

ಎಲ್ಲರೂ ಹೋದ ಮೇಲೆ ಅಪ್ಪ ನನ್ನನ್ನು ಕರೆದು, ಪೆಚ್ಚು ಮುಖ ಮಾಡಿಕೊಂಡು ಹೇಳಿದರು, ‘ಎರಡೂ ಕಡೆ ಸಮ ಬರ್ಬೇಕು ಅಂದ್ಯಲ್ಲಮ್ಮ, ನಂದು ಬರ್ತಾ ಇಲ್ಲ ನೋಡು. ಬಲಗಡೆ ಕಮ್ಮಿ ಬರ್ತಿದೆ. ಎರಡು ಸಲ ಕೂಡ್ದೆ. ಎಲ್ಲೋ ತಪ್ಪು ಮಾಡಿದೀನಿ. ನಾಳೆ ಹೋದಾಗ ನಿಮ್ಮ ಮೇಷ್ಟ್ರನ್ನ ಕೇಳ್ಕೊಂಡು ಬಾ. ಮರೀಬೇಡ.’

ನಾನು ಹೂಂ ಎಂದೆ. ಇನ್ನೇನು ಅನ್ನಲಿ? ನಾನು ಕಟ್ಟೆಯ ಮೇಲೆ ಕೂತು ಹೊಸೆದ ಸುಳ್ಳಿಗೆ ಅಪ್ಪ ಬಾಗಿಲನ್ನೇ ಪುಸ್ತಕ ಮಾಡಿದ್ದರು; ಅದು ಸರಿಬರದೆ ಇರುವುದಕ್ಕೆ ತಪ್ಪು ತನ್ನದು ಅನ್ನುತ್ತಿದ್ದರು. ಯಾರ ನಗುವೂ ಅಷ್ಟು ಚುಚ್ಚಿರಲಿಲ್ಲ.

ಮಾರನೇ ದಿನ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ‘ಬಂತಪ್ಪ ಲಾಭ’ ಎಂದರು, ಅನ್ನಲಿ ಎಂದುಕೊಂಡೆ. ಮೇಷ್ಟ್ರು ತರಗತಿಗೆ ಬಂದ ಕೂಡಲೇ ಎದ್ದು ನಿಂತು ಕೇಳಿಯೇಬಿಟ್ಟೆ, ‘ಸಾರ್, ನಮ್ಮಪ್ಪ ಕೇಳ್ಕೊಂಡು ಬಾ ಅಂದ್ರು. ಮಿಲ್ಲಿಗೆ ಬಂದಷ್ಟು ರಾಗಿ, ಹಿಟ್ಟಾಗಿ ಹೋಗ್ತಿಲ್ಲ. ಎರಡೂ ಕಡೆ ಸಮ ಬರ್ತಿಲ್ಲ. ತಪ್ಪು ಎಲ್ಲಿದೆ?’

ಮೇಷ್ಟ್ರು ಹಾಜರಿ ಪುಸ್ತಕ ಮುಚ್ಚಿಟ್ಟರು. ಪೂರ್ತಿ ಕೇಳಿಸಿಕೊಂಡರು: ಎಡಬಾಗಿಲು, ಬಲಬಾಗಿಲು, ಸೀಮೆಸುಣ್ಣ. ಆಮೇಲೆ ಬೋರ್ಡಿನ ತುದಿಯಲ್ಲಿ ‘ತಂದೆಯವರ ಪ್ರಶ್ನೆ’ ಎಂದು ಕನ್ನಡದಲ್ಲಿ ಬರೆದು ಕೆಳಗೊಂದು ಗೆರೆ ಎಳೆದರು. ‘ತಪ್ಪು ಎಲ್ಲೂ ಇಲ್ಲ. ಬೀಸುವಾಗ ಹಿಟ್ಟು ಗಾಳಿಗೆ ಹಾರುತ್ತೆ, ಕಲ್ಲಿಗೆ ಮೆತ್ಕೊಳುತ್ತೆ. ಅದನ್ನ ಸಹಜ ನಷ್ಟ ಅಂತಾರೆ. ಅದಕ್ಕೂ ಬಲಗಡೆ ಒಂದು ಸಾಲು ಕೊಡ್ಬೇಕು, ಆಗ ಸಮ ಬರುತ್ತೆ. ಇದು ಮೂರನೇ ವರ್ಷದ ಪಾಠ ಕಣ್ರಪ್ಪ. ಈ ಹುಡುಗಿ ತಂದೆ ಒಂದೇ ವಾರದಲ್ಲಿ ಅಲ್ಲಿಗೆ ಹೋಗಿದ್ದಾರೆ’ ಎಂದರು. ಪಾಠ ಮುಗಿಸಿ ಹೋಗುವಾಗ ನನ್ನ ಬೆಂಚಿನ ಹತ್ತಿರ ನಿಂತು, ‘ಅವತ್ತು ಲಾಭ ಅಂತ ಎಣಿಸ್ದೋಳು ನೀನೇ ಅಲ್ವಾ? ನಮ್ಮ ತಾತನೂ ಹಂಗೇ ಎಣಿಸ್ತಿದ್ರು. ಕೇಳಿ ಕಣ್ಣಲ್ಲಿ ನೀರು ಬಂದ್ಬಿಡ್ತು, ಅದಕ್ಕೇ ಆ ಕಡೆ ತಿರುಗ್ದೆ’ ಎಂದರು. ಮೂರು ದಿನ ಎಲ್ಲಿದ್ದೆ ಎಂದು ಅವರು ಕೇಳಲೇ ಇಲ್ಲ.

ಆ ಸಂಜೆ ನಾನು ಬಲಬಾಗಿಲ ಮೇಲೆ ಸಹಜ ನಷ್ಟದ ಸಾಲು ಬರೆದು ಕೂಡಿ ತೋರಿಸಿದಾಗ ಅಪ್ಪ ಚಪ್ಪಾಳೆ ತಟ್ಟಿದರು. ಮತ್ತೆ ನಾನು ಕಾಲೇಜು ತಪ್ಪಿಸಲಿಲ್ಲ. ದಿನಾ ಸಂಜೆ ಒಪ್ಪಿಸಬೇಕಿತ್ತಲ್ಲ! ಅಪ್ಪನಿಗೆ ಕನ್ನಡದಲ್ಲಿ ತಿಳಿಯುವ ಹಾಗೆ ಹೇಳಬೇಕಾದರೆ ಇಂಗ್ಲಿಷಿನಲ್ಲಿ ಅರ್ಥ ಮಾಡಿಕೊಂಡಿರಬೇಕಿತ್ತು. ತಿಂಗಳು ಕಳೆಯಿತು, ದೊಡ್ಡಪ್ಪ ಹೇಳಿದ್ದ ಸಂಬಂಧ ಬೇರೆ ಕಡೆ ಕುದುರಿತು, ನಾನು ಉಳಿದುಕೊಂಡೆ. ಇವತ್ತು ಶಿಡ್ಲಘಟ್ಟದ ಈ ತರಗತಿಯಲ್ಲಿ ನಿಂತು ನಾಲ್ಕು ಜನಕ್ಕೆ ಹೇಳಿಕೊಡುತ್ತಿದ್ದೇನೆ ಅಂದರೆ ಅದಕ್ಕೆ ಆ ಮೇಷ್ಟ್ರ ದೊಡ್ಡ ಮನಸ್ಸು ಕಾರಣ, ನಮ್ಮಪ್ಪನ ಮುಗ್ಧತೆ ಕಾರಣ. ‘ಎಂಥ ಮುಗ್ಧ ಮನುಷ್ಯ ನೋಡ್ರಪ್ಪ, ಪಾಪ, ಮಗಳ ಸುಳ್ಳನ್ನೂ ನಂಬಿ ಬಾಗಿಲ ತುಂಬ ಬರೆದ’ ಎಂದು ಹೇಳಿ ಮಕ್ಕಳನ್ನು ನಗಿಸಿ ಕಥೆ ಮುಗಿಸುವುದು ನನ್ನ ವಾಡಿಕೆ.

ಈ ಸಲವೂ ಅಲ್ಲಿಗೇ ಮುಗಿಸಿದೆ. ಮಕ್ಕಳು ನಕ್ಕರು. ಮೂರನೇ ಬೆಂಚಿನಲ್ಲಿದ್ದ ಹುಡುಗಿಯೊಬ್ಬಳು ಮಾತ್ರ ನಗದೆ ಕೈಯೆತ್ತಿದಳು. ಚೈತ್ರ ಎಂದು ಹೆಸರು, ಮೇಲೂರಿನವಳು.

‘ಮ್ಯಾಮ್, ನಮ್ಮನೇಲಿ ರೇಷ್ಮೆ ನೂಲು ತೆಗೀತೀವಿ. ಹಾಕಿದ ಗೂಡಿನ ತೂಕದಷ್ಟು ನೂಲು ಬರಲ್ಲ. ಅದು ನನ್ನ ತಮ್ಮಂಗೂ ಗೊತ್ತು, ಅವನು ಇನ್ನೂ ನಾಲ್ಕನೇ ಕ್ಲಾಸು. ಅಷ್ಟು ವರ್ಷ ಮಿಲ್ಲು ನಡೆಸಿದ್ರಲ್ಲ ನಿಮ್ಮ ತಂದೆ. ಹಿಟ್ಟು ಕಮ್ಮಿ ಬರುತ್ತೆ ಅಂತ ಅವರಿಗೆ ಗೊತ್ತಿರ್ಲಿಲ್ವಾ?’

ಅಷ್ಟರಲ್ಲಿ ಕರೆಂಟು ಬಂದು ಪರದೆಯ ಮೇಲೆ ಬಾಣಗಳು ಹಾರತೊಡಗಿದವು. ‘ಒಳ್ಳೆ ಪ್ರಶ್ನೆ, ಕೂತ್ಕೋಮ್ಮ’ ಎಂದೆ. ಉಳಿದ ಗಂಟೆ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಹಿಟ್ಟು ಕಮ್ಮಿ ಬಂತು ಎಂದು ಜಗಳಕ್ಕೆ ಬಂದ ಗಿರಾಕಿಗಳಿಗೆ, ‘ಹಾರೋದನ್ನ ನಾನೇನು ಹಿಡಿದು ತರ್ಲೇನಮ್ಮ’ ಎಂದು ಅಪ್ಪ ಹೇಳುತ್ತಿದ್ದುದನ್ನು ಹುಟ್ಟಿದಾಗಿನಿಂದ ಕೇಳಿದವಳು ನಾನು. ಅದೇ ಪಾಠವನ್ನು ಇಷ್ಟು ವರ್ಷ ಕಲಿಸಿದ್ದೇನೆ, ಅಪ್ಪನ ಕಥೆಯನ್ನೂ ಇಷ್ಟು ವರ್ಷ ಹೇಳಿದ್ದೇನೆ. ಒಂದು ಸಲವಾದರೂ ಎರಡನ್ನೂ ಸೇರಿಸಿ ನೋಡಬಾರದಿತ್ತೆ? ಮೊದಲ ದಿನದ ಹುಡುಗಿ ನೋಡಿದಳು.

ಶನಿವಾರ ಮಧ್ಯಾಹ್ನ ಮಂಚೇನಹಳ್ಳಿಗೆ ಹೋದೆ. ಮಿಲ್ಲನ್ನು ಈಗ ತಮ್ಮ ನೋಡಿಕೊಳ್ಳುತ್ತಾನೆ. ಅಪ್ಪ ಜಗುಲಿಯ ಮೇಲೆ ಕೂತು, ಬಂದುಹೋಗುವವರನ್ನೆಲ್ಲ ಮಾತಾಡಿಸಿಕೊಂಡು, ತಮ್ಮನಿಗೆ ತಪ್ಪು ಹೇಳಿಕೊಂಡು ಆರಾಮವಾಗಿದ್ದಾರೆ. ಹೋದವಳೇ ಚಪ್ಪಲಿ ಕೂಡ ಬಿಡದೆ ಕೇಳಿದೆ, ‘ಅಪ್ಪಾ, ಹಿಟ್ಟು ಕಮ್ಮಿ ಬರೋದು ನಿಂಗೆ ಮೊದಲೇ ಗೊತ್ತಿತ್ತು ಅಲ್ವಾ?’

ಅಪ್ಪನಿಗೆ ಯಾವ ಹಿಟ್ಟು, ಯಾವ ಕಾಲದ ಹಿಟ್ಟು ಎಂದು ವಿವರಿಸಬೇಕಾಗಲಿಲ್ಲ. ‘ಇಪ್ಪುಡಾ ತೆಲಿಸಿಂದಿ ನೀಕು?’ ಎಂದು ನಕ್ಕರು. ಈಗ ಗೊತ್ತಾಯಿತಾ ನಿನಗೆ ಎಂದು. ‘ಏನಮ್ಮ, ಇಷ್ಟೊಂದು ಓದಿ ಇಷ್ಟು ಲೇಟಾ?’

‘ನಾನು ಕಾಲೇಜಿಗೆ ಹೋಗ್ತಿಲ್ಲ ಅಂತ ಯಾರು ಹೇಳಿದ್ರು?’

‘ಯಾರು ಹೇಳ್ಬೇಕು? ಕಾಲೇಜು ತಪ್ಪಿಸಿದ ಮೊದಲ್ನೇ ಸಂಜೆನೇ ನೀನು ಮನೆಗೆ ಬಂದು ಆ ಕಡೆ ತಿರುಗ್ದೆ. ಬೆನ್ನೆಲ್ಲ ಅರಿಶಿನ. ನಾಗರಕಲ್ಲಿನ ಕಟ್ಟೆಗೆ ಒರಗದೇನೇ ಬೆನ್ನಿಗೆ ಅಷ್ಟು ಅರಿಶಿನ ಎಲ್ಲಿ ಮೆತ್ಕೊಳುತ್ತಮ್ಮ? ಚಿಕ್ಕಬಳ್ಳಾಪುರದ ಕಾಲೇಜಲ್ಲಿ ಬೆಂಚಿಗೆ ಅರಿಶಿನ ಹಚ್ತಾರಾ?’

‘ಮತ್ತೆ ಯಾಕೆ ಕೇಳ್ಲಿಲ್ಲ? ಬೈಬಹುದಿತ್ತಲ್ಲ.’

ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ‘ಕೇಳಿದ್ರೆ ನೀನು ಅತ್ತು ನಿಜ ಹೇಳ್ಬಿಡ್ತಿದ್ದೆ. ಹೆದರಿಕೆ ಆಗುತ್ತಪ್ಪ, ಹೋಗಲ್ಲ ಅಂತ ಬಾಯಲ್ಲಿ ಒಂದು ಸಲ ಬಂದ್ಬಿಟ್ರೆ ಮುಗೀತು. ನಿಮ್ಮ ದೊಡ್ಡಪ್ಪ ಕಾದ್ಕೊಂಡೇ ಇದ್ದ. ಅದಕ್ಕೆ ಆ ಮಾತು ಬರೋಕೆ ಮುಂಚೆ ನಿನ್ನ ಕೈಗೆ ಏನಾದ್ರೂ ಕೊಟ್ಟು ಕಾಲೇಜಿಗೆ ಕಳಿಸ್ಬೇಕಿತ್ತು. ನನ್ನ ಹತ್ರ ಇದ್ದಿದ್ದು ಮಿಲ್ಲೊಂದೇ.’

ಇಷ್ಟು ವರ್ಷ ಊರೂರಿನ ಮಕ್ಕಳ ಮುಂದೆ ‘ಪಾಪ’ ಎಂದು ಆಡಿಕೊಂಡದ್ದು ಈ ಮನುಷ್ಯನನ್ನು. ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅಮ್ಮ ಸೌಟು ಹಿಡಿದುಕೊಂಡೇ ಹೊಸ್ತಿಲಿಗೆ ಬಂದರು.

‘ಅವರು ಬಾಗಿಲ ಮೇಲೆ ಬರೆದಿದ್ದೇ ದೊಡ್ಡದಾ?’ ಎಂದರು. ‘ನಿಂಗಿದ್ದಿದ್ದು ಒಂದೇ ಒಳ್ಳೆ ಚೂಡಿದಾರ. ಮೂರು ಸಂಜೆನೂ ಉಜ್ಜಿ ಉಜ್ಜಿ ಒಗ್ದು, ಒಲೆ ಪಕ್ಕ ಒಣಗ್ಸಿ ಮಡಚಿಟ್ಟೋಳು ನಾನು. ಕಲೆ ನಿನ್ನ ಕಣ್ಣಿಗೆ ಬಿದ್ರೆ, ನಮಗೆ ಗೊತ್ತಾಗೋಯ್ತು ಅಂತ ನಾಚ್ಕೊಂಡು ಇನ್ನೆಲ್ಲಿಗೆ ಹೋಗ್ಬಿಡ್ತೀಯೋ ಅಂತ.’

ನಾನು ಹೋಗಿ ಅಮ್ಮನ ಎರಡೂ ಕೈ ಹಿಡಿದುಕೊಂಡೆ.

‘ಬಿಡೇ, ಸಾರು ಉಕ್ಕುತ್ತೆ’ ಎಂದರು ಅಮ್ಮ. ಆದರೆ ಕೈ ಬಿಡಿಸಿಕೊಳ್ಳಲಿಲ್ಲ.